ಫೈನಲ್ ದಿನ ಮಾಸೂರಿಗೆ

ನಮ್ಮ ಹಿರೇಕೆರೂರಲ್ಲಿ ಗುಟ್ಟು ಅನ್ನೋದು ಉಳಿಯೋದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೀವು ಯಾವ ಬಸ್ಸು ಹತ್ತಿದಿರಿ ಅನ್ನೋ ಸುದ್ದಿ ನೀವು ಇಳಿಯೋದಕ್ಕಿಂತ ಮೊದಲೇ ಮನೆ ಮುಟ್ಟಿರುತ್ತೆ. ಇಂಥ ಊರಲ್ಲಿ ಯಾರ ಕಣ್ಣಿಗೂ ಬೀಳದೆ ಬೈಕಿನಲ್ಲಿ ಹೋಗಿ ಬರಬೇಕು ಅಂದ್ರೆ ಇಂಡಿಯಾ ವರ್ಲ್ಡ್‌ಕಪ್ ಫೈನಲ್ ಆಡೋ ತನಕ ಕಾಯಬೇಕು. ನಾನು ಕಾದೆ :)

2023ರ ನವೆಂಬರ್ 19, ಭಾನುವಾರ. ದೀಪಾವಳಿಗೆ ಬಂದವನು ವರ್ಕ್ ಫ್ರಂ ಹೋಂ ಅಂತ ಮ್ಯಾನೇಜರಿಗೆ ಪುಸಲಾಯಿಸಿ ಒಂದು ವಾರ ಹೆಚ್ಚಿಗೆ ಉಳಿದಿದ್ದೆ. ಹತ್ತಕ್ಕೆ ಹತ್ತೂ ಮ್ಯಾಚು ಗೆದ್ದು ಬಂದ ಟೀಮು, ಅಹಮದಾಬಾದಿನಲ್ಲಿ ಮಧ್ಯಾಹ್ನ ಎರಡಕ್ಕೆ ಆಟ ಶುರು. ನಮ್ಮ ಪಡಸಾಲೆಯಲ್ಲಿ ಓಣಿಯ ಅರ್ಧ ಗಂಡಸರು. ಹೆಡ್ ಹಿಂದಕ್ಕೆ ಓಡಿಹೋಗಿ ರೋಹಿತನ ಕ್ಯಾಚ್ ಹಿಡಿದಾಗ ಅಪ್ಪ ಎಲೆ ಅಡಿಕೆ ಉಗುಳಲು ಎದ್ದವರು ಅಲ್ಲೇ ನಿಂತುಬಿಟ್ಟರು. ನಾಲ್ಕರ ಹೊತ್ತಿಗೆ "ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ" ಅಂದೆ. ಯಾರೂ ತಿರುಗಿ ನೋಡಲಿಲ್ಲ.

ಹೋಗಬೇಕಿದ್ದದ್ದು ಮಾಸೂರಿಗೆ, ಕಾಕಾನ ಹತ್ತಿರ.

ಅಪ್ಪನಿಗೂ ಕಾಕಾನಿಗೂ ಮಾತು ನಿಂತು ಆಗ ಆರು ವರ್ಷ. ಕಾರಣ ಒಂದು ಬದು ಮತ್ತು ಒಂದು ಬೋರ್‌ವೆಲ್. ನಮ್ಮ ಕಡೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗೋದೂ ಇಲ್ಲ. ಪಾಲಾದ ಮೇಲೆ ಕಾಕಾ ತನ್ನ ಭಾಗ ಮಾರಿ ಕಾಕಿಯ ತವರಾದ ಮಾಸೂರಿನ ಹತ್ತಿರ ಎರಡೆಕರೆ ತಗೊಂಡು ಅಡಿಕೆ ಹಾಕಿದ. ಆ ಆಗಸ್ಟಿನಲ್ಲಿ ಅವನಿಗೆ ಎದೆನೋವು ಬಂದು ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿದ್ದರು. ನಮಗೆ ಗೊತ್ತಾಗಿದ್ದು ಹದಿನೈದು ದಿನ ಆದಮೇಲೆ, ಅದೂ ಕಿರಾಣಿ ಅಂಗಡಿಯಲ್ಲಿ. ಅವತ್ತು ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದರು ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. ಆದರೆ ಹೋಗಲಿಲ್ಲ. ನಾನಾದರೂ ಹೋಗಬಹುದಿತ್ತು... ಬೆಂಗಳೂರಿನಿಂದ ದಾವಣಗೆರೆ ಏನು ದೂರ? ರಿಲೀಸ್ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ರಿಲೀಸ್ ಇದ್ದದ್ದೂ ನಿಜ. ಆದರೆ ಅಪ್ಪನಿಗೆ ಗೊತ್ತಾದರೆ ಏನಂತಾರೋ ಅನ್ನೋ ಹೆದರಿಕೆ ಅದಕ್ಕಿಂತ ನಿಜ.

ಬೈಕು ಅದೇ ಹಳೇ ಸ್ಪ್ಲೆಂಡರ್. ಹತ್ತಿ ಮಾರಿದ ದುಡ್ಡಿನಲ್ಲಿ ಕಾಕಾ ತಂದದ್ದು, ಪಾಲಿನಲ್ಲಿ ನಮ್ಮ ಮನೆಗೆ ಬಂತು. ನನಗೆ ಗಾಡಿ ಕಲಿಸಿದ್ದೂ ಇದರ ಮೇಲೇ, ದುರ್ಗಾದೇವಿ ಕೆರೆ ಏರಿಯ ಹತ್ತಿರ. ಕ್ಲಚ್ಚು ಒಮ್ಮೆಲೇ ಬಿಟ್ಟು ಇಬ್ಬರೂ ಬಿದ್ದಾಗ ಮೊದಲು ನನ್ನ ಮೊಣಕಾಲು ನೋಡದೆ ಇಂಡಿಕೇಟರ್ ನೋಡಿದ ಪುಣ್ಯಾತ್ಮ!

ರಸ್ತೆ ಹೇಗಿತ್ತು ಅಂತೀರಿ? ಊರು ದಾಟಿದರೆ ಒಂದು ನರಪಿಳ್ಳೆ ಇಲ್ಲ. ಬಸ್ಸೂ ಇಲ್ಲ, ಟಂಟಂ ಇಲ್ಲ, ಟ್ರ್ಯಾಕ್ಟರ್ ಇಲ್ಲ. ರಸ್ತೆ ಮೇಲೆ ಮೆಕ್ಕೆಜೋಳ ಒಣಹಾಕಿ ಕಾಯೋರೂ ಇಲ್ಲ. ಒಣಹಾಕಲು ಆ ವರ್ಷ ಬೆಳೆಯಾದರೂ ಎಲ್ಲಿತ್ತು? ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ ಅದು. ಎರಡೂ ಕಡೆ ಸೊಂಟದೆತ್ತರಕ್ಕೇ ನಿಂತುಹೋದ ದಂಟು. ನಾಯಿಗಳು ನಡುರಸ್ತೆಯಲ್ಲಿ ಮಲಗಿದ್ದವು, ಹಾರ್ನ್ ಹೊಡೆದರೂ ಏಳಲಿಲ್ಲ, ನಾನೇ ಸುತ್ತು ಹಾಕಿ ಹೋದೆ. ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಹೊಗೆ ಕುಡಿಯೋ ನನಗೆ ಇಷ್ಟೊಂದು ಖಾಲಿ ರಸ್ತೆ ನೋಡಿ ಖುಷಿಯಾಗಬೇಕಿತ್ತು. ಎಡಗೈ ಬೆವರುತ್ತಿತ್ತು.

ಹಾದಿಯಲ್ಲಿ ಒಂದು ಚಾದಂಗಡಿ. ಹೊರಗೆ ಬೆಂಚು ಖಾಲಿ, ಒಲೆ ಮೇಲೆ ಚಾ ಕುದ್ದು ಉಕ್ಕುತ್ತಿದೆ, ಅಂಗಡಿಯವನ ಬೆನ್ನು ಮಾತ್ರ ಒಳಗೆ ಕಾಣುತ್ತಿದೆ. ಒಮ್ಮೆಲೇ ಒಳಗಿಂದ "ಅಯ್ಯಯ್ಯೋ" ಅಂತ ನಾಲ್ಕೈದು ಜನರ ಧ್ವನಿ, ಆಮೇಲೆ ಸತ್ತ ಮನೆಯಂಥ ಮೌನ. ಕೊಹ್ಲಿ ಅಂತ ಗೊತ್ತಾಯ್ತು. 54. ಕಮಿನ್ಸ್ ಬಾಲು ಬ್ಯಾಟಿಗೆ ತಾಗಿ ಸ್ಟಂಪಿಗೆ ಹೋದದ್ದು ಆಮೇಲೆ ನೋಡಿದೆ.

ಸರ್ವಜ್ಞನ ವಿಷಯಕ್ಕೂ ಈ ಸೀಮೆಯಲ್ಲಿ ಜಗಳ ಇದೆ ನೋಡಿ. ಅಪ್ಪ ಬಸವರಸ ಮಾಸೂರಿನವನು, ತಾಯಿ ಮಾಳಿ ಅಬಲೂರಿನ ಕುಂಬಾರಗಿತ್ತಿ ಅಂತ ಪ್ರತೀತಿ. ಅವನು ನಮ್ಮವನು, ಅಲ್ಲ ನಮ್ಮವನು ಅಂತ ಎರಡೂ ಊರಿನವರು ಇವತ್ತಿಗೂ ವಾದ ಮಾಡ್ತಾರೆ. ಬದುಕಿದ್ದಾಗ ಊರೂರು ಭಿಕ್ಷೆ ಎತ್ತಿದವನಿಗೆ ಈಗ ಇಷ್ಟು ಜನ ವಾರಸುದಾರರು!

ಕಾಕಾ ಮನೆಯಲ್ಲಿರಲಿಲ್ಲ. ಟಿವಿಯೂ ಆಫ್. ಕಾಕಿ ಬಾಗಿಲಲ್ಲಿ ನಿಂತು ನನ್ನನ್ನ ನೋಡಿದಳು. ನೀರಿನ ತಂಬಿಗೆ ಕೊಟ್ಟಳು.

"ಆಸ್ಪತ್ರ್ಯಾಗಿದ್ದಾಗ ಬರಬೇಕಿತ್ತಪಾ. ಈಗೇನು, ಚಲೋ ಅದಾರ" ಅಂದಳು.

ನಾನು ನೀರು ಕುಡಿದೆ. ಹೇಳೋಕೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ "ಹೊಲದಾಗದಾರ ಹೋಗು, ಕರೆಂಟ್ ಬಂದೈತಿ" ಅಂದಳು.

ತ್ರೀಫೇಸ್ ಕರೆಂಟ್ ಇರೋ ನಾಲ್ಕೈದು ತಾಸಿನಲ್ಲೇ ನೀರು ಹಾಯಿಸಬೇಕು. ಫೈನಲ್ ಇದೆ ಅಂತ ಅಡಿಕೆ ಸಸಿ ಕಾಯುತ್ತಾ? ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಲುಂಗಿ ಎತ್ತಿ ಕಟ್ಟಿ ಪೈಪು ಎಳೀತಿದ್ದ. ತೆಳ್ಳಗಾಗಿದ್ದ. ತಿರುಗದೇ ಕೂಗಿದ:

"ಸೈಲೆನ್ಸರ್ ಇನ್ನೂ ರಿಪೇರಿ ಮಾಡಿಸಿಲ್ಲೇನೋ? ಅಷ್ಟು ದೂರದಾಗಿದ್ದಾಗಲೇ ನನ್ನ ಗಾಡಿ ಅಂತ ಗೊತ್ತಾತು."

"ಅರಾಮದೀಯಾ ಕಾಕಾ?"

"ಕಾಣಂಗಿಲ್ಲೇನು? ಹಿಡಿ ಇದನ್ನ" ಅಂತ ಪೈಪಿನ ತುದಿ ಕೈಗಿಟ್ಟ.

ಸುಮಾರು ಒಂದೂವರೆ ತಾಸು ಇಬ್ಬರೂ ಪೈಪು ಎಳೆದೆವು. ನೀರು ಕಿರುಬೆರಳಿನಷ್ಟು ಸಣ್ಣಗೆ ಬರ್ತಿತ್ತು. ನಡುವೆ ನಿಂತು ಉಸಿರು ತಗೊಳ್ಳೋನು, ನಾನು ಬೇರೆ ಕಡೆ ನೋಡೋನು. ಅವ್ವನ ಮಂಡಿನೋವು ಕೇಳಿದ, ಎಮ್ಮೆ ಕರು ಹಾಕ್ತಾ ಅಂತ ಕೇಳಿದ, ನನ್ನ ಕಂಪನಿಯಲ್ಲೂ ಜನರನ್ನ ತೆಗೀತಿದಾರಾ ಅಂತ ಕೇಳಿದ. ಅಪ್ಪನ ಬಗ್ಗೆ ಒಂದು ಮಾತಿಲ್ಲ. ಸ್ಕೋರು ಕೇಳಿದಾಗ ಮೊಬೈಲ್ ತೆಗೆದು ನೋಡಿದೆ. 240ಕ್ಕೆ ಆಲೌಟ್. ನಮ್ಮ ರಾಹುಲ್ 107 ಬಾಲಿಗೆ 66, ಅದರಲ್ಲಿ ಒಂದೇ ಒಂದು ಫೋರು.

"ಸಾಲಂಗಿಲ್ಲ ಬಿಡು" ಅಂದ. ಆಮೇಲೆ ನಕ್ಕ. "ಹನ್ನೊಂದರ ಫೈನಲ್ ನೆಪ್ಪೈತೇನು?"

ನೆನಪಿಲ್ಲದೆ ಏನು! 2011ರ ಏಪ್ರಿಲ್ 2. ನನಗೆ ಹದಿನಾಲ್ಕು. ಚೇಸಿಂಗ್ ಶುರುವಾಗೋ ಹೊತ್ತಿಗೆ ಕರೆಂಟ್ ಹೋಯ್ತು. ಕಾಕಾ ಅಟ್ಟದ ಮೇಲಿದ್ದ ಸಣ್ಣ ಬ್ಲ್ಯಾಕ್ ಅಂಡ್ ವೈಟ್ ಟಿವಿ ಇಳಿಸಿ, ಟ್ರ್ಯಾಕ್ಟರ್ ಬ್ಯಾಟರಿಗೆ ವೈರು ಹಚ್ಚಿ, ಮಾಳಿಗೆ ಮೇಲೆ ಆಂಟೆನಾ ಹಿಡಿದು ನಿಂತ. ಕೈಬಿಟ್ಟರೆ ಬರೀ ಚುಕ್ಕಿ. ಕೆಳಗೆ ಓಣಿಗೆ ಓಣಿಯೇ ನೋಡುತ್ತಿತ್ತು. ಅಪ್ಪ ಅಂಗಳದಲ್ಲಿ ನಿಂತು ಬಾಲ್ ಬಾಲಿಗೂ ಮೇಲಕ್ಕೆ ಕೂಗಿ ಕಾಮೆಂಟ್ರಿ ಹೇಳೋರು. ಧೋನಿಯ ಆ ಸಿಕ್ಸು ಕಾಕಾ ನೋಡಲೇ ಇಲ್ಲ, ಅಪ್ಪನ ಬಾಯಲ್ಲಿ ಕೇಳಿದ್ದು.

ಅದನ್ನ ನೆನಪಿಸಿದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕರೆಂಟ್ ಹೋಯ್ತು, ಮೋಟರ್ ನಿಂತಿತು. ಮನೆಗೆ ಬಂದು ಕಾಕಿ ಕೊಟ್ಟ ಮಂಡಕ್ಕಿ ತಿಂದು ಚಾ ಕುಡಿದು ಹೊರಟೆ. ಹೊರಡುವಾಗ ಕಾಕಿ ಒಂದು ಚೀಲದಲ್ಲಿ ನುಗ್ಗೆಕಾಯಿ ಕಟ್ಟಿದಳು. ಬೇಡ ಅಂದೆ, ಮನೆಯಲ್ಲಿ ಏನಂತ ಹೇಳಲಿ? ಅವಳಿಗೂ ಅರ್ಥವಾಯ್ತು, ವಾಪಸ್ ಇಟ್ಟುಕೊಂಡಳು. ಇವತ್ತಿಗೂ ಆ ಚೀಲ ತರಲಿಲ್ಲವಲ್ಲ ಅಂತ ಅನ್ನಿಸುತ್ತೆ.

ವಾಪಸ್ ಬರುವಾಗ ಕತ್ತಲು. ಒಂದು ಊರು ದಾಟುವಾಗ ಕೇಕೆ, ದೀಪಾವಳಿಗೆ ಉಳಿಸಿಟ್ಟ ಸರಪಟಾಕಿ. 47ಕ್ಕೆ ಮೂರು! ಗಾಡಿ ಜೋರು ಮಾಡಿದೆ. ಮನೆಗೆ ಬಂದಾಗ ಹೆಡ್ ಬೇರೂರಿ ನಿಂತಿದ್ದ. ಅವನು 137 ಹೊಡೆದ ಕಥೆ ನಿಮಗೆ ಗೊತ್ತೇ ಇದೆ, ನಾನು ಬರೆಯೋಲ್ಲ. ಓಣಿಯವರು ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಟಿವಿ ಮುಂದೆ ಅಪ್ಪ ಮತ್ತು ನಾನು.

"ಪೆಟ್ರೋಲ್ ಹಾಕಿಸಾಕ ಇಷ್ಟೊತ್ತು?"

"ಹಂಗ ಮದಗದ ಕೆರೆ ಕಡೆ ಹೋಗಿದ್ದೆ."

ಅಪ್ಪ ಹೊರಗೆ ಹೋದರು. ಅಂಗಳದ ಲೈಟು ಹಾಕಿದ ಸದ್ದು. ಬೈಕಿನ ಟೈರಿಗೆ, ಮಡ್‌ಗಾರ್ಡಿಗೆ, ನನ್ನ ಚಪ್ಪಲಿಗೆ ಹಸಿ ಕೆಸರು. ಬರಗಾಲದ ವರ್ಷ, ಇಡೀ ತಾಲ್ಲೂಕಿನಲ್ಲಿ ಎಲ್ಲಿತ್ತು ಕೆಸರು? ನನಗೆ ಹೊಳೆದದ್ದೇ ಆಗ.

ಒಳಗೆ ಬಂದು ಕೂತರು. ಟಿವಿಯಲ್ಲಿ ಆಸ್ಟ್ರೇಲಿಯಾದವರು ಕುಣೀತಿದ್ದರು. ಅಪ್ಪ ಅದನ್ನೇ ನೋಡುತ್ತ ಕೇಳಿದರು:

"ಅಡಿಕಿ ಸಸಿ ಉಳಿದಾವೇನು?"

"ಅರ್ಧ ಉಳಿದಾವ" ಅಂದೆ.

"ಹ್ಞೂಂ" ಅಂದು ರಿಮೋಟ್ ತಗೊಂಡು ಟಿವಿ ಆರಿಸಿದರು.