ಅಮ್ಮಮ್ಮನ ಮನೆಯ ಟಾಕೊ ಸಲಾಡ್

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ವಂಡ್ಸೆ ನಮ್ಮೂರು. ಇಲ್ಲಿ ಮಳೆಗಾಲವೆಂದರೆ ಹಲಸಿನ ಹಪ್ಪಳ, ಪತ್ರೊಡೆ, ಕಳಲೆ ಪಲ್ಯದ ಕಾಲ. ಈ ಸಲ ಆ ಸಾಲಿಗೆ ಟಾಕೊ ಸಲಾಡ್ ಕೂಡ ಸೇರಿತು. ಸೇರಿಸಿದವಳು ಹನ್ನೊಂದು ವರ್ಷದ ನನ್ನ ಮಗಳ ಮಗಳು.

ಅವಳಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಅಲ್ಲಿನ ಶಾಲೆಗೆ ರಜೆ ಸಿಗುವುದು ನಮ್ಮ ಜಡಿಮಳೆಯ ಹೊತ್ತಿಗೆ. ಬಂದ ದಿನವೇ "ನಾನು ಹಸಿವು ಇದ್ದೇನೆ" ಎಂದಳು. ನನ್ನ ಮಗನ ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಮಕ್ಕಳಲ್ಲವೇ! ಆದರೆ ಆ ಮೇಲೆ ಅವಳ ಬಾಯಿಂದ ಕನ್ನಡ ಹೊರಡಲಿಲ್ಲ. ಏನು ಕೇಳಿದರೂ ತಲೆ ಆಡಿಸುವುದು, ಇಲ್ಲವೇ "ಓಕೆ". ನನಗೆ ಇಂಗ್ಲಿಷ್ ಬಾರದು. ಇನ್ನು ಮೂರೇ ವಾರ, ನನ್ನೊಡನೆ ನಾಲ್ಕು ಮಾತೂ ಆಡದೆ ಮಗು ವಿಮಾನ ಹತ್ತಿಬಿಡುತ್ತದಲ್ಲ ಎಂಬ ಸಂಕಟ ನನ್ನದು.

ಒಂದು ಮಧ್ಯಾಹ್ನ ಕೇಳಿದೆ, "ನಿನ್ನ ಶಾಲೆಯಲ್ಲಿ ಊಟಕ್ಕೆ ಎಂತ ತಿಂತೆ ಮಗಾ?"

"ಟಾಕೊ ಸಲಾಡ್."

"ಅದ್ ನಂಗೆ ಗೊತ್ತಿಲ್ಲೆ. ನೀನೇ ಹೇಳ್ಕೊಡ್ಕ್."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಯನ್ನು ಬೊಗಸೆ ಮಾಡಿ, "ಮೊದಲು ರೊಟ್ಟಿ ಬೌಲ್ ಆಗಬೇಕು ಅಮ್ಮಮ್ಮ" ಎಂದಳು.

"ಬೌಲ್ ಅಂದ್ರೆ ಬಟ್ಲಾ?"

"ಹಾಂ, ಬಟ್ಲು. ತಿನ್ನುವ ಬಟ್ಲು!"

ಆ ರಾತ್ರಿಯೇ ಅಲಸಂಡೆ ಬೀಜ ನೆನೆಹಾಕಿದೆವು. ಮರುದಿನ ಒಂದು ಲೋಟ ಗೋಧಿಹಿಟ್ಟಿಗೆ ಅರ್ಧ ಲೋಟ ಮೆಕ್ಕೆಜೋಳದ ಹಿಟ್ಟು, ಉಪ್ಪು ಸೇರಿಸಿ ಚಪಾತಿಯಂತೆ ಕಲಸಿದೆ. ಮೆಕ್ಕೆಜೋಳಕ್ಕೆ ಗೋಧಿಯಷ್ಟು ಅಂಟಿಲ್ಲ. ಅದೊಂದನ್ನೇ ಲಟ್ಟಿಸಿದರೆ ಬಿರಿಯುತ್ತದೆ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬುತ್ತಾರಂತೆ. ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಹಿಟ್ಟು ಹದಕ್ಕೆ ಬರುತ್ತದೆ, ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಈ ಉಪಾಯ ತಿಳಿಯದೆ ಬರೀ ಮೆಕ್ಕೆಜೋಳವನ್ನೇ ತಿಂದು ಬದುಕಿದ ನಾಡುಗಳಲ್ಲಿ ಪೆಲಾಗ್ರ ಎಂಬ ಕಾಯಿಲೆ ಹಬ್ಬಿತ್ತು. ಇದನ್ನು ಕೇಳಿ ನಮ್ಮ ಯಜಮಾನರು ತಮ್ಮ ಎಲೆಅಡಿಕೆಯ ಸುಣ್ಣದ ಡಬ್ಬಿಯನ್ನು ಹೆಮ್ಮೆಯಿಂದ ತಟ್ಟಿಕೊಂಡರು.

ಲಟ್ಟಿಸಿದ ರೊಟ್ಟಿಯನ್ನು ಕಾವಲಿಯಲ್ಲಿ ಅರೆಬೇಯಿಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಬೇಕು. ಸಣ್ಣ ಬಾಣಲೆಯ ಕಾದ ಎಣ್ಣೆಗೆ ಬಿಟ್ಟು, ನಡುವೆ ಗುಂಡಿ ಸೌಟು ಒತ್ತಿ ಹಿಡಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಮಕ್ಕಳೇ, ಈ ಕೆಲಸ ದೊಡ್ಡವರೇ ಮಾಡಲಿ. ಎಣ್ಣೆ ಚಟಪಟ ಸಿಡಿದಾಗ 'ಕಾದಿದೆ' ಎಂಬ ಮಾತು ಸಿಗದೆ ಅವಳು, "ಅಮ್ಮಮ್ಮ, ಎಣ್ಣೆಗೆ ಸಿಟ್ಟು ಬಂತು!" ಎಂದು ಕೂಗಿದಳು. ಎಲ್ಲರೂ ನಕ್ಕರು. ಈ ಸಲ ಅವಳೂ ನಕ್ಕಳು.

ಬೇಯಿಸಿದ ಅಲಸಂಡೆ ಬೀಜವನ್ನು ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಪುಡಿ, ಮೆಣಸಿನಪುಡಿಯೊಂದಿಗೆ ನೀರು ಆರುವ ತನಕ ಹುರಿದೆವು. ಅಲ್ಲಿ ಇದರ ಜಾಗಕ್ಕೆ ಕೊಚ್ಚಿದ ಮಾಂಸ ಹಾಕುವುದೇ ಹೆಚ್ಚು. ಲೆಟಿಸ್ ಸೊಪ್ಪಿನ ಬದಲು ಸಣ್ಣಗೆ ಹೆಚ್ಚಿದ ಎಲೆಕೋಸು, ಹುಳಿ ಕೆನೆಯ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಜೊತೆಗೆ ಮುಳ್ಳುಸೌತೆ, ಟೊಮೆಟೊ, ಬೇಯಿಸಿದ ಜೋಳದ ಕಾಳು, ಕೊತ್ತಂಬರಿ, ಲಿಂಬೆರಸ. "ಮಳೆಗಾಲದಲ್ಲಿ ಹಸಿ ತರಕಾರಿಯಾ?" ಎಂದು ಯಜಮಾನರು ಗೊಣಗಿದ್ದರಿಂದ ಎಲ್ಲವನ್ನೂ ಉಪ್ಪುನೀರಿನಲ್ಲಿಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದೆ.

ಹೆಸರು ಮೆಕ್ಸಿಕೊದ್ದಾದರೂ ಈ ಸಲಾಡ್ ಅಮೆರಿಕದ್ದು. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಒಂದು ಹೋಟೆಲಿನಲ್ಲಿ ಬಟ್ಟಲಿನಂತೆ ಕರಿದ ರೊಟ್ಟಿಯೊಳಗೆ ಹೂರಣ ತುಂಬಿ ಕೊಡುತ್ತಿದ್ದರು. ಅದೇ ಇದರ ಹಿರಿಯಕ್ಕ ಎನ್ನುತ್ತಾರೆ. ಇನ್ನು ಒಳಗಿರುವ ಮೆಕ್ಕೆಜೋಳ, ಟೊಮೆಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದವು. ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ನಮ್ಮ ಕುಂದಾಪುರದ ಹತ್ತಿರದ ಬಸ್ರೂರು ಬಂದರಿನಿಂದ ಅವರು ಅಕ್ಕಿ ಒಯ್ಯುತ್ತಿದ್ದರು. ಅದಕ್ಕೂ ಮೊದಲು ನಮ್ಮ ಹಿರಿಯರ ಸಾರಿಗೆ ಖಾರ ಕೊಟ್ಟದ್ದು ಕಾಳುಮೆಣಸು. ಸೌತೆಯ ತವರು ಮಾತ್ರ ನಮ್ಮ ಭಾರತವೇ. ಲಿಂಬೆ, ಕೊತ್ತಂಬರಿ, ಗೋಧಿ ನಮ್ಮ ಕಡೆಯ ಖಂಡಗಳಿಂದ ಹಡಗು ಹತ್ತಿ ಆ ಕಡೆಗೆ ಹೋದವು. ಇದನ್ನೆಲ್ಲ ಹೇಳಿದಾಗ ಮೊಮ್ಮಗಳು, "ಹಾಗಾದ್ರೆ ಮೆಣಸಿನಕಾಯಿಗೂ ಮೊದಲು ಕನ್ನಡ ಬರ್ತಿರಲಿಲ್ಲ!" ಎಂದಳು.

ಬಡಿಸುವ ಹೊತ್ತಿಗೆ ಅವಳೇ ಮೇಷ್ಟ್ರು. ನಕ್ಕಿದ್ದ ಮಕ್ಕಳಿಬ್ಬರೂ ಬಟ್ಟಲು ಹಿಡಿದು, "ಇನ್ನೆಂತ ಹಾಕೂದ್? ಮೊಸ್ರು ಮೇಲಾ ಕೆಳಗಾ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳಿಗೆ ಉತ್ತರ ಹೇಳದೆ ವಿಧಿಯಿಲ್ಲ, ಅವರಿಗೆ ಕನ್ನಡ ಬಿಟ್ಟರೆ ತಿಳಿಯುವುದಿಲ್ಲ. ಹೆಚ್ಚು, ಕೊಚ್ಚು, ಹುರಿ, ಬಾಡಿಸು, ಹಿಂಡು ಎಂದು ಅವರು ಒಂದೊಂದೇ ಮಾತು ಕೊಟ್ಟರು. ಅವಳು ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ಯಜಮಾನರು ಒಂದು ತುತ್ತು ತಿಂದು, "ಇದ್ ನಮ್ ಕೋಸಂಬ್ರಿಯ ನೆಂಟನೇ" ಎಂದು ಎರಡನೆಯ ಬಟ್ಟಲಿಗೆ ಕೈ ಚಾಚಿದರು.

ಉಳಿದ ವಾರಗಳಲ್ಲಿ ಅವಳ ಮಾತು ನಿಲ್ಲಲಿಲ್ಲ. ಈಗ ಭಾನುವಾರದ ಫೋನಿನಲ್ಲಿ ಹೆಸರುಬೇಳೆ ಕೋಸಂಬರಿಯ ಅಳತೆ ಕೇಳುತ್ತಾಳೆ. ತಪ್ಪು ಕನ್ನಡವೇ ಇರಲಿ, ನಾನು ತಿದ್ದಲು ಹೋಗುವುದಿಲ್ಲ. ಹೇಳಬೇಕೆಂಬ ಆಸೆ ಇದ್ದರೆ ಸರಿಯಾದ ಮಾತು ತಾನಾಗಿ ಬರುತ್ತದೆ. ರಜೆಗೆ ಬಂದ ಮೊಮ್ಮಕ್ಕಳಿಗೆ ಕಲಿಸಲು ಅಜ್ಜ ಅಜ್ಜಿಯರಾದ ನಮ್ಮಲ್ಲಿ ಬೇಕಾದಷ್ಟಿದೆ. ಒಂದು ದಿನ ಅವರಿಂದಲೂ ಕಲಿಯಲು ಕುಳಿತು ನೋಡಿ.

ಮನೆಯಲ್ಲಿ ಮಾಡುವಿರಾದರೆ ಒಂದೇ ಮಾತು: ಎಲ್ಲರೂ ಬಂದು ಕುಳಿತ ಮೇಲೆಯೇ ಬಟ್ಟಲು ತುಂಬಿ. ತಡವಾದರೆ ರೊಟ್ಟಿ ಮೆತ್ತಗಾಗುತ್ತದೆ.