ನಕಲು ಬಂಡಿಯ ಸುಖದುಃಖ

'ನಕಲು' ಎಂಬ ಶಬ್ದ ಹೋದ ಕಡೆಯೆಲ್ಲ ಒಂದೇ ಬಗೆಯ ಮರ್ಯಾದೆ ಪಡೆಯುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಅದು ಅಪರಾಧ. ಸಿಕ್ಕಿಬಿದ್ದ ಹುಡುಗ ತಲೆತಗ್ಗಿಸಿ ಹೊರನಡೆಯಬೇಕಾಗುತ್ತದೆ. ಅದೇ ಶಬ್ದ ನ್ಯಾಯಾಲಯದ ಆವರಣಕ್ಕೆ ಬಂದಾಗ ಅದಕ್ಕೊಂದು ಪೀಠ ದೊರೆಯುತ್ತದೆ. 1872ರ ಸಾಕ್ಷ್ಯ ಅಧಿನಿಯಮವೂ, 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಸಾರ್ವಜನಿಕ ದಸ್ತಾವೇಜಿನ ದೃಢೀಕೃತ ನಕಲನ್ನು ಅಸಲಿನ ಬದಲಿಗೆ ಸ್ವೀಕರಿಸುತ್ತವೆ. ಭೇದ ಇಷ್ಟೆ: ನ್ಯಾಯಾಲಯದ ನಕಲು ತಾನು ನಕಲೆಂದು ಮೈಮೇಲೆ ಮುದ್ರೆ ಹಾಕಿಸಿಕೊಂಡಿರುತ್ತದೆ, ಪರೀಕ್ಷೆಯ ನಕಲು ತಾನೇ ಅಸಲೆಂದು ನಟಿಸುತ್ತದೆ.

ದಿಂಡಿಗಲ್ಲಿನಲ್ಲಿ ವಕೀಲಿ ವೃತ್ತಿ ನಡೆಸುವ ನನಗೆ ಈ ಭೇದ ಪುಸ್ತಕದಿಂದ ಗೊತ್ತಿತ್ತು. ಅದು ಮನಸ್ಸಿಗೆ ಇಳಿದದ್ದು ಮಾತ್ರ ನಕಲು ಕಾರೊಂದರ ಒಡೆಯನಾದ ಮೇಲೆ.

ನನ್ನದು ಎರಡೇ ಆಸನಗಳ, ಸೂರಿಲ್ಲದ, ಉದ್ದ ಮೂತಿಯ ಪುಟ್ಟ ಕಾರು. ಮುಂದಿನ ಚಕ್ರಗಳು ಒಡಲಿನಿಂದ ಹೊರಕ್ಕೆ ಚಾಚಿಕೊಂಡಿವೆ. ಇದರ ಮೂಲರೂಪ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್. ವೇಗ ಬೇಕಾದರೆ ಎಂಜಿನ್ನನ್ನು ದೊಡ್ಡದು ಮಾಡುವುದಕ್ಕಿಂತ ಬಂಡಿಯ ತೂಕವನ್ನು ಇಳಿಸುವುದು ಲೇಸು ಎಂಬುದು ಅವರ ಸಿದ್ಧಾಂತ. ಆದುದರಿಂದ ಸೆವೆನ್‌ನಲ್ಲಿ ಬಾಗಿಲು, ಸೂರು, ಮೆತ್ತನೆಯ ಆಸನ ಮೊದಲಾದವು ಒಂದೋ ಇಲ್ಲ, ಇಲ್ಲವೇ ಹೆಸರಿಗಷ್ಟೇ ಇವೆ. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು; ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. ಹಾಗೆ ಮಾರುವಾಗ ಜೋಡಿಸುವ ವಿಧಾನವನ್ನು ಬರೆದುಕೊಡುವಂತಿಲ್ಲ ಎಂಬ ನಿಯಮವಿದ್ದುದರಿಂದ ಬಿಚ್ಚುವ ವಿಧಾನವನ್ನು ಬರೆದುಕೊಟ್ಟರಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡನಂತೆ. ಈ ಕಥೆಯನ್ನು ಕೇಳಿದ ಯಾವ ವಕೀಲನಿಗೂ ಆ ಕಾರಿನ ಮೇಲೆ ಮನಸ್ಸು ಹೋಗದೆ ಇರದು. 1973ರಲ್ಲಿ ಬ್ರಿಟನ್ನಿನ ತೆರಿಗೆ ಪದ್ಧತಿ ಬದಲಾಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಹೋಯಿತು.

ಸರಳವಾದ ಈ ರಚನೆಯನ್ನು ಜಗತ್ತಿನ ನಾನಾ ಕಡೆ ಜನ ನೋಡಿ ತಿದ್ದಿದರು. ಮರಳಿನ ಮೇಲೆ ಗುರು ಬರೆದ ಅಕ್ಷರದ ಮೇಲೆಯೇ ಮಗು ಬೆರಳಾಡಿಸಿ ಕಲಿಯುವುದನ್ನು ನಾವು 'ತಿದ್ದುವುದು' ಎನ್ನುತ್ತೇವಲ್ಲ, ಇದೂ ಹಾಗೆಯೇ. ನಮ್ಮ ದೇಶದಲ್ಲಿ ಚಿಂಕಾರಾ ಎಂಬ ಸಣ್ಣ ಸಂಸ್ಥೆ ಹಾಗೆ ತಿದ್ದಿ ಒಂದು ರೋಡ್‌ಸ್ಟರನ್ನು ತಯಾರಿಸಿತು. ಒಡಲು ಫೈಬರ್ ಗ್ಲಾಸಿನದು, ಎಂಜಿನ್ 1.8 ಲೀಟರಿನ ಇಸುಜು. ಆ ತಳಿಯ ಎಂಜಿನ್ನು ನಮ್ಮವರಿಗೆ ಅಪರಿಚಿತವಲ್ಲ. ಹಿಂದೂಸ್ತಾನ್ ಮೋಟಾರ್ಸಿನ ಕಾಂಟೆಸ್ಸಾಕ್ಕೂ ಅಂಬಾಸಿಡರಿಗೂ ಅದನ್ನು ಕೂರಿಸಿದ್ದರು. ಲಂಡನ್ನಿನ ಚಹರೆ, ಜಪಾನಿನ ಹೃದಯ, ಭಾರತದ ದುಡಿಮೆ: ಇಂಥದೊಂದನ್ನು 2008ರಲ್ಲಿ ನೋಂದಣಿಯಾದ ಮೇಲೆ, ಎರಡನೆಯ ಒಡೆಯನಾಗಿ ನಾನು ಕೊಂಡೆ.

ಮೊದಲು ದುಃಖಗಳನ್ನು ಹೇಳಿ ಮುಗಿಸುತ್ತೇನೆ; ಅವು ಎಣಿಕೆಗೆ ಸಿಗುತ್ತವೆ. ಇವೆಲ್ಲ ಸೆವೆನ್ ಎಂಬ ರೂಪಕ್ಕೇ ಅಂಟಿ ಬಂದ ಗುಣಗಳು, ತಿದ್ದಿದವರ ದೋಷಗಳಲ್ಲ. ಕುಳಿತವನ ಸೊಂಟ ನೆಲದಿಂದ ಒಂದು ಗೇಣು ಮೇಲಿದ್ದರೆ ಹೆಚ್ಚು. ಆದುದರಿಂದ ಲಾರಿಯ ಹೊಗೆಕೊಳವೆ ಸರಿಯಾಗಿ ಮುಖದ ಮಟ್ಟಕ್ಕೆ ಬರುತ್ತದೆ. ಒಟ್ಟನ್‌ಚತ್ರದ ತರಕಾರಿ ಮಾರುಕಟ್ಟೆಗೆ ಹೋಗುವ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಊರು ತಲುಪಿದರೆ ಮನೆಯವರು ಗುರುತು ಹಿಡಿಯಲು ಕ್ಷಣಕಾಲ ಬೇಕು. ಹಳ್ಳಿಗೊಂದರಂತೆ, ಕೆಲವೆಡೆ ಮನೆಗೊಂದರಂತೆ ಇರುವ ರಸ್ತೆಯುಬ್ಬುಗಳನ್ನು ಓರೆಯಾಗಿ ಹತ್ತಿ ಓರೆಯಾಗಿ ಇಳಿಸಬೇಕು. ಅಗ್ನಿನಕ್ಷತ್ರದ ದಿನಗಳಲ್ಲಿ ಮೇಲಿನಿಂದ ಸೂರ್ಯ, ಕಾಲ ಬಳಿಯಿಂದ ಎಂಜಿನ್ನು ಏಕಕಾಲಕ್ಕೆ ಬೇಯಿಸುತ್ತವೆ. ಕರಿಕೋಟು, ಬಿಳಿಯ ಕೊರಳಪಟ್ಟಿ ಧರಿಸಿ ಇದರಲ್ಲಿ ನ್ಯಾಯಾಲಯಕ್ಕೆ ಹೋಗುವುದು ಸಾಧ್ಯವೇ ಇಲ್ಲ. ಆ ಕೆಲಸಕ್ಕೆ ಸ್ಕೂಟರ್ ಇದೆ. ಗಾಳಿಚೀಲವಿಲ್ಲ. ಮೂವರ ಸಂಸಾರಕ್ಕೆ ಎರಡು ಆಸನ. ತೇಣಿಯ ಸಂತೆಯಿಂದ ಒಂದು ಬಾಳೆಗೊನೆ ತರಬೇಕೆಂದರೆ ಹೆಂಡತಿಯನ್ನು ಬಸ್ಸಿನಲ್ಲಿ ಕಳುಹಿಸಬೇಕಾಗುತ್ತದೆ. ಆ ಮಾತನ್ನು ನಾನು ಒಮ್ಮೆಯೂ ಆಡಿಲ್ಲ.

ವಿಮೆಯದು ಇನ್ನೊಂದು ಬಗೆಯ ಪಾಡು. ಐದು ವರ್ಷ ದಾಟಿದ ಬಂಡಿಯ ಮೌಲ್ಯವನ್ನು ವಿಮೆಯವರೂ ಒಡೆಯನೂ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಪ್ರತಿ ವರ್ಷ ಗುಮಾಸ್ತರ ಗಣಕಯಂತ್ರದ ಪಟ್ಟಿಯಲ್ಲಿ ನನ್ನ ಕಾರಿನ ಹೆಸರು ಇರುವುದಿಲ್ಲ. ಅದನ್ನು ಕಂಡವರು ಕೋಟಿಯೆನ್ನುತ್ತಾರೆ, ಕಾಣದವರು ಗುಜರಿಯೆನ್ನುತ್ತಾರೆ. ನಡುವಿನ ಅಂಕಿಗೆ ತಲುಪಲು ಪ್ರತಿ ಸಲವೂ ಅರ್ಧ ದಿನ ಬೇಕು.

ಇನ್ನು ಸುಖ. ಇಡೀ ಸೀಮೆಯಲ್ಲಿ ಈ ಕಾರನ್ನು ರಿಪೇರಿ ಮಾಡಬಲ್ಲವರು ಯಾರೆಂದು ನಾನು ಚಿಂತಿಸುತ್ತಿದ್ದಾಗ, ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಿಂದ ದುಡಿದ ತೇಣಿಯ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿ ನಕ್ಕರು. "ವಕೀಲ್ ಸಾರ್, ಇವನು ನಮ್ಮ ಹುಡುಗ. ವೇಷ ಹಾಕಿಕೊಂಡಿದ್ದಾನೆ, ಅಷ್ಟೆ" ಎಂದರು. 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು; ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಆದರೂ ಅವರ ಕೈಗೆ ಆ ಎಂಜಿನ್ನಿನ ನೆನಪು ಇರುವವರೆಗೆ ನನಗೆ ಭಯವಿಲ್ಲ. ಕೋಟಿ ಬೆಲೆಯ ಅಸಲು ಕಾರಿನ ಒಡೆಯನಿಗೆ ಈ ಭಾಗ್ಯ ಎಲ್ಲಿಯದು? ಅವನ ಬಂಡಿ ಕೆಟ್ಟರೆ ದೂರದ ಮಹಾನಗರಕ್ಕೆ ಹೊರಬೇಕು. ನನ್ನದು ಕೆಟ್ಟರೆ ಮೇಸ್ತ್ರಿ ಊಟ ಮುಗಿಸಿ ಬರುತ್ತಾರೆ.

ಸೂರಿಲ್ಲದ ಕಾರಿನಲ್ಲಿ ದಾರಿಯನ್ನು ಮೂಗಿನಿಂದಲೂ ತಿಳಿಯಬಹುದು. ದಿಂಡಿಗಲ್ಲಿನಲ್ಲಿ ಚರ್ಮ ಹದಮಾಡುವವರ ವಾಸನೆ ಹಿಂದೆ ಸರಿದು ನಿಲಕ್ಕೋಟೆ ಹತ್ತಿರವಾದಾಗ ಮಲ್ಲಿಗೆ ಬರುತ್ತದೆ. ಬೋಡಿನಾಯಕನೂರಿನಲ್ಲಿ ಏಲಕ್ಕಿ. ಚಿನ್ನಮನೂರು, ಉತ್ತಮಪಾಳ್ಯ ದಾಟಿ ಕಂಬದ ಕಣಿವೆಗೆ ಹೋದರೆ 1895ರಿಂದ ಮುಲ್ಲೈಪೆರಿಯಾರಿನ ನೀರು ಕುಡಿಯುತ್ತಿರುವ ಗದ್ದೆಗಳ ಹಸಿ ಮಣ್ಣು, ಅದರಾಚೆ ದ್ರಾಕ್ಷಿಯ ಚಪ್ಪರಗಳು. ಬೋಡಿಮೆಟ್ಟಿನ ಘಾಟಿಯ ಹದಿನೇಳು ಹೇರ್‌ಪಿನ್ ತಿರುವುಗಳನ್ನು ಬೆಳಗಿನ ಆರು ಗಂಟೆಗೆ, ಜೀಪುಗಳ ಸಾಲು ಆರಂಭವಾಗುವ ಮುನ್ನ ಹತ್ತಬೇಕು. ಪ್ರತಿ ತಿರುವಿಗೂ ಗಾಳಿ ತಣ್ಣಗಾಗುತ್ತ ಹೋಗುವುದು ಮೈಗೇ ತಿಳಿಯುತ್ತದೆ. ವೇಗದ ಕಾರಿನಲ್ಲಿ ವೇಗವಾಗಿ ಹೋಗುವುದು ಮುಖ್ಯವಲ್ಲವೆಂದು ನನಗೆ ಕಲಿಸಿದ ದಾರಿ ಅದು. ನೆಲಕ್ಕೆ ಅಂಟಿ ಕುಳಿತವನಿಗೆ ಗಂಟೆಗೆ 40 ಕಿಲೋಮೀಟರ್ ಕೂಡ ಹಾರಾಟವೇ.

ಜನರ ಮಾತೂ ಸುಖದ ಲೆಕ್ಕಕ್ಕೇ ಸೇರಬೇಕು. ಒಮ್ಮೆ ಕಂಬದ ಹತ್ತಿರ ದ್ರಾಕ್ಷಿ ತೋಟದ ಬದಿಯಲ್ಲಿ ನಿಲ್ಲಿಸಿದ್ದಾಗ ವಯೋವೃದ್ಧ ರೈತರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಪಕ್ಕದಲ್ಲಿದ್ದ ತಮ್ಮ ಮೊಮ್ಮಗನಿಗೆ "ಇದಕ್ಕೆ ತಲೆಯೇ ಇಲ್ಲವಲ್ಲೋ" ಎಂದರು. ಹೇಳಿದ್ದು ಕನ್ನಡದಲ್ಲಿ. ಕಂಬದ ಕಣಿವೆಯ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಉಳಿಸಿಕೊಂಡು ಬಂದಿರುವ, ಓದುಬರಹವೆಲ್ಲ ತಮಿಳಿನಲ್ಲೇ ನಡೆಯುವಾಗಲೂ ಬಾಯಿಂದ ಬಾಯಿಗೆ ದಾಟಿದ ಕನ್ನಡ ಅದು. "ತಲೆ ಇಲ್ಲದಿದ್ದರೂ ಓಡುತ್ತದೆ, ತಾತ" ಎಂದೆ. ಅವರು ಕಾರನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಆ ದಿನ ಒಂದು ಬುಟ್ಟಿ ಪನ್ನೀರು ದ್ರಾಕ್ಷಿ ಎರಡನೆಯ ಆಸನದಲ್ಲಿ ಕುಳಿತು ಮನೆಗೆ ಬಂತು.

ಆದರೆ ನಕಲು ಕಾರಿನ ನಿಜವಾದ ಕಷ್ಟ ಬಿಸಿಲಲ್ಲ, ಹೊಗೆಯೂ ಅಲ್ಲ. ಸುತ್ತಲಿನವರೆಲ್ಲ ಒಡೆಯನ ಬಾಯಿಂದ ಒಂದು ಸುಳ್ಳನ್ನು ನಿರೀಕ್ಷಿಸುತ್ತಾರೆ. "ಎಷ್ಟು ಕೋಟಿ ಸಾರ್?" ಎಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದಾಗ ಸುಮ್ಮನೆ ಮುಗುಳ್ನಕ್ಕರೆ ಸಾಕು, ಉಳಿದದ್ದನ್ನು ಅವರೇ ಕಲ್ಪಿಸಿಕೊಳ್ಳುತ್ತಾರೆ. ಸ್ಟಿಕ್ಕರ್ ಅಂಗಡಿಯವನು ಯಾವ ವಿದೇಶಿ ಕಂಪನಿಯ ಲಾಂಛನ ಬೇಕಾದರೂ ಸಂಜೆಯೊಳಗೆ ಅಂಟಿಸಿಕೊಡುತ್ತೇನೆ ಎಂದ. ಮದುವೆಗಳಿಗೆ ಕಾರು ಬಾಡಿಗೆಗೆ ಕೊಡುವವರೊಬ್ಬರು ಬಂದು, ವರನ ಮೆರವಣಿಗೆಗೆ 'ಫಾರಿನ್ ಕಾರು' ಎಂದು ಓಡಿಸುವುದಾಗಿ ಹೇಳಿ, ಒಳ್ಳೆಯ ಬೆಲೆಯನ್ನೇ ಮುಂದಿಟ್ಟರು. ಅಸಲಿನ ಲಾಂಛನವನ್ನು ಅಂಟಿಸಿ, ಅದರ ವಿಷಯ ನಾನು ಬಾಯಿ ಬಿಡಬಾರದೆಂಬುದು ಅವರ ಷರತ್ತು. ನೋಂದಣಿ ನವೀಕರಣದ ಖರ್ಚು ತಲೆಯ ಮೇಲಿದ್ದ ವರ್ಷ ಅದು. ಮಾರಿಬಿಡಿ ಎಂದು ಮನೆಯಲ್ಲಿಯೂ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ.

ನಮ್ಮ ಊರಿನವನಿಗೆ ಇದು ಹೊಸ ಪಾಠವಲ್ಲ. ಲೋಟಸ್ ಸೆವೆನ್ ಹುಟ್ಟಿದ 1957ರಲ್ಲಿಯೇ ದಿಂಡಿಗಲ್ಲಿನಲ್ಲಿ ನಾಗಸ್ವಾಮಿ ನಾಯ್ಡು ಅವರು ಆನಂದ ವಿಲಾಸ್ ಬಿರಿಯಾನಿ ಹೋಟೆಲನ್ನು ಆರಂಭಿಸಿದರು. ಅವರ ತಲೆಯ ರುಮಾಲಿನಿಂದ ಬಿರಿಯಾನಿಗೆ ತಲಪ್ಪಾಕಟ್ಟಿ ಎಂಬ ಹೆಸರು ಬಂತು. ಮುಂದೆ ಆ ಹೆಸರನ್ನು ಇತರರು ಬಳಸಿದ ಬಗೆಗಿನ ವ್ಯಾಜ್ಯ ಮದರಾಸು ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತು ದೊರೆತುದರ ಉದ್ದೇಶವೂ ಹೆಸರಿನ ರಕ್ಷಣೆಯೇ. ಬಿರಿಯಾನಿ ಬೇಯಿಸಲು ಯಾರಿಗೂ ಅಡ್ಡಿಯಿಲ್ಲ. ಇನ್ನೊಬ್ಬನ ರುಮಾಲನ್ನು ಸುತ್ತಿಕೊಂಡು ಬಡಿಸುವಂತಿಲ್ಲ. ಕಾರಿನ ಮಾತೂ ಅಷ್ಟೆ.

ಕಾನೂನಿನ ಮಾತನ್ನು ಇಲ್ಲಿ ಸ್ಪಷ್ಟಪಡಿಸುವುದು ಒಳ್ಳೆಯದು. ಹುಡುಗರಿರುವ ಮನೆಗಳಲ್ಲಿ ಈ ಆಸೆ ಒಂದಲ್ಲ ಒಂದು ದಿನ ತಲೆಯೆತ್ತುತ್ತದೆ. ನಕಲು ಕಾರುಗಳು ಎರಡು ಬಗೆ. ತಯಾರಕನೇ ಹೊಸದಾಗಿ ಬಂಡಿಯನ್ನು ರಚಿಸಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಿ, ತನ್ನದೇ ಹೆಸರಿನಲ್ಲಿ ಮಾರುವುದು ಒಂದು. ಹಳೆಯ ಹೋಂಡಾವನ್ನೋ ಮಾರುತಿಯನ್ನೋ ಕತ್ತರಿಸಿ, ಮೇಲೆ ಫೆರಾರಿಯ ಚಿಪ್ಪು ಕೂರಿಸುವುದು ಇನ್ನೊಂದು. ಎರಡನೆಯದಕ್ಕೆ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಂ ಅಡ್ಡ ನಿಲ್ಲುತ್ತದೆ. ತಯಾರಕನು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು, ಘಾಟಿಯಾಚೆಯ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಮಿನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇದನ್ನೇ. ಆದುದರಿಂದ ಕೊಳ್ಳುವವರು ಬಣ್ಣ ನೋಡುವ ಮುನ್ನ ನೋಂದಣಿ ಪುಸ್ತಕ ನೋಡಬೇಕು. ಕಣ್ಣೆದುರಿನ ಬಂಡಿಯ ತಯಾರಕ, ಒಡಲಿನ ಬಗೆ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಅದರಲ್ಲಿರುವಂತೆಯೇ ಇಲ್ಲದಿದ್ದರೆ ಕೈಮುಗಿದು ಹಿಂತಿರುಗಬೇಕು.

ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಶಾಲೆಯಲ್ಲಿ ಯಾರೋ "ನಿಮ್ಮಪ್ಪನದು ಡೂಪ್ಲಿಕೇಟ್ ಕಾರು" ಎಂದರೆಂದು ಕಣ್ಣು ತುಂಬಿಕೊಂಡು ಬಂದಳು. ನಾನು ನೋಂದಣಿ ಪುಸ್ತಕವನ್ನು ತಂದು ಅವಳ ಮುಂದಿಟ್ಟೆ. ಅದರಲ್ಲಿ ಲೋಟಸ್ ಎಂಬ ಶಬ್ದ ಎಲ್ಲಿಯೂ ಇಲ್ಲ. ತಯಾರಿಸಿದವರ ಹೆಸರೇ ಇದೆ. "ಹಾಗಾದರೆ ಇದು ಸುಳ್ಳು ಕಾರಲ್ಲವಾ?" ಎಂದಳು. ಅಲ್ಲ, ಬೇರೆಯವರ ಅಕ್ಷರ ನೋಡಿ ತಿದ್ದಿದವರು ತಮ್ಮ ಹೆಸರನ್ನೇ ಬರೆದಿದ್ದಾರೆ ಎಂದೆ. ಅಷ್ಟರಿಂದ ಅವಳ ಸಂಕೋಚವೇನೂ ಕರಗಲಿಲ್ಲ. ಇಂದಿಗೂ ಶಾಲೆಯ ಬಾಗಿಲಲ್ಲಿ ಈ ಕಾರಿನಿಂದ ಇಳಿಯಲು ಅವಳಿಗೆ ಇಷ್ಟವಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಆದರೆ ಬೋಡಿಮೆಟ್ಟಿಗೆ ಹೊರಟ ದಿನ ಎರಡನೆಯ ಆಸನ ಅವಳದೇ. ಯಾರಾದರೂ ಬೆಲೆ ಕೇಳಿದರೆ ನನಗಿಂತ ಮೊದಲು ಅವಳೇ ಉತ್ತರ ಹೇಳುತ್ತಾಳೆ. ಅಂಬಾಸಿಡರಿನ ಸಂಗತಿಯನ್ನೂ ಸೇರಿಸಿಯೇ.

ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಅನಂತರ ಐದೈದು ವರ್ಷಕ್ಕೆ ನವೀಕರಣ. 2023ರಲ್ಲಿ ಪರಿಶೀಲಕರು ಸಂಖ್ಯೆಗಳನ್ನು ಒಂದೊಂದಾಗಿ ತಾಳೆನೋಡಿ ಸಹಿ ಹಾಕಿದರು. ಇನ್ನು 2028ರಲ್ಲಿ ಮತ್ತೆ ಹೋಗಬೇಕು. ಆ ವೇಳೆಗೆ ಮಗಳಿಗೆ ಹದಿನೆಂಟು ತುಂಬಿ ಚಾಲನಾ ಪರವಾನಗಿಯ ಮಾತು ಬರುತ್ತದೆ. ಗಾಳಿಚೀಲವಿಲ್ಲದ ಈ ಬಂಡಿಯ ಕೀಲಿಯನ್ನು ಅವಳ ಕೈಗೆ ಕೊಡಬಾರದೆಂದು ಅವಳ ತಾಯಿ ಈಗಲೇ ತಕರಾರು ಸಲ್ಲಿಸಿದ್ದಾರೆ. ಮಗಳ ಉತ್ತರವೂ ದಾಖಲಾಗಿದೆ. ನಮ್ಮ ಮನೆಯಲ್ಲಿ ಸದ್ಯ ಇತ್ಯರ್ಥವಾಗದೆ ಉಳಿದಿರುವ ದಾವೆ ಅದೊಂದೇ.