ಜಿಂಕೆಗಿಂತ ಮೊದಲು ನೆಲ ಹುಡುಕಬೇಕು

ಡೆನ್ವರ್‌ಗೆ ಬಂದು ನಾಲ್ಕು ವರ್ಷ ಆಯ್ತು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ ಪ್ರತಿ ಮಾರ್ಚ್‌ನಲ್ಲಿ ಊಟದ ಹೊತ್ತಿಗೆ ಒಂದು ನಕ್ಷೆ ಹರಡಿಕೊಂಡು ಕೂರುತ್ತಾನೆ. ಮೊದಲ ವರ್ಷ, ಸೈಟು ಗೀಟು ತಗೊಳ್ತಿದ್ದಾನೇನೋ ಅಂದ್ಕೊಂಡಿದ್ದೆ. ಕೇಳಿದ್ರೆ, 'ಮ್ಯೂಲ್ ಡೀರ್ ಬೇಟೆಗೆ ಯೂನಿಟ್ ಆರಿಸ್ತಿದೀನಿ' ಅಂದ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಬೇಟೆ ಅಂದ್ರೆ ಒಂದೋ ಅಜ್ಜನ ಕಾಲದ ಕಥೆ, ಇಲ್ಲಾ ಪಿಸುಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತೇ ಬೇರೆ. ಇಲ್ಲಿ ನೋಡಿದ್ರೆ ಅರ್ಜಿ, ಕೊನೇ ದಿನಾಂಕ, ಲಾಟರಿ, ರಿಸಲ್ಟು! ನಮ್ಮ ಸಿಇಟಿ ಆಪ್ಷನ್ ಎಂಟ್ರಿ ನೆನಪಾಯ್ತು. ಹೋಲಿಕೆ ಅಷ್ಟೇನೂ ತಪ್ಪಲ್ಲ. ಯಾವ ಕಾಲೇಜು ಚೆನ್ನಾಗಿದೆ ಅನ್ನೋದಕ್ಕಿಂತ, ನಮ್ಮ ರ‍್ಯಾಂಕಿಗೆ, ನಮ್ಮ ಮನೆಯ ಪರಿಸ್ಥಿತಿಗೆ ಯಾವುದು ಅನ್ನೋದೇ ಅಲ್ಲೂ ದೊಡ್ಡ ಪ್ರಶ್ನೆ ಅಲ್ವಾ?

ವ್ಯವಸ್ಥೆ ಹೀಗಿದೆ. ಕೊಲೊರಾಡೊ ರಾಜ್ಯವನ್ನು ನಂಬರ್ ಹಾಕಿದ ಯೂನಿಟ್‌ಗಳಾಗಿ ಹಂಚಿದ್ದಾರೆ. 1999ರಿಂದ ಜಿಂಕೆ ಬೇಟೆಯ ಲೈಸೆನ್ಸ್‌ಗಳಿಗೆಲ್ಲ ಮಿತಿಯಿದೆ. ಯಾವ ಯೂನಿಟ್, ಯಾವ ಸೀಸನ್ ಅಂತ ಬರೆದು ಏಪ್ರಿಲ್‌ನ ಮೊದಲ ಮಂಗಳವಾರದೊಳಗೆ ಅರ್ಜಿ ಹಾಕಬೇಕು. ಮೊದಲ ಆಯ್ಕೆ ಸಿಗದಿದ್ದರೆ ಒಂದು ಪಾಯಿಂಟ್ ಜಮಾ. ಸಿಕ್ಕಿತೋ, ಕೂಡಿಟ್ಟ ಪಾಯಿಂಟ್ ಎಲ್ಲಾ ಸೊನ್ನೆ. ಗೆಳೆಯನ ಹತ್ತಿರ ಆರು ಪಾಯಿಂಟ್ ಇತ್ತು. ಎತ್ತರದ ಒಂದು ಯೂನಿಟ್‌ಗಾಗಿ ಆರು ವರ್ಷ ಕಾದಿದ್ದ.

ಹೋದ ಸೆಪ್ಟೆಂಬರ್‌ನಲ್ಲಿ ನೆಲ ನೋಡೋಕೆ ಹೊರಟಾಗ 'ನೀನೂ ಬಾ' ಅಂದ. ಜತೆಗೆ ಅವನಪ್ಪ. ವಯಸ್ಸು 72, ಒಂದು ಮಂಡಿಗೆ ಆಪರೇಷನ್ ಆಗಿದೆ. ಗೆಳೆಯ ಹನ್ನೆರಡರ ಹುಡುಗನಾಗಿದ್ದಾಗ ಅವನನ್ನು ಮೊದಲ ಸಲ ಬೇಟೆಗೆ ಕರೆದುಕೊಂಡು ಹೋಗಿದ್ದು ಅವರೇ.

ಡೆನ್ವರ್‌ನಿಂದ ಹೊರಟು 11,307 ಅಡಿ ಎತ್ತರದ ಬರ್ತೂಡ್ ಪಾಸ್ ಘಾಟಿ ಹತ್ತಿ ಇಳಿದರೆ ಹೆದ್ದಾರಿ 40 ಕ್ರೆಮ್ಲಿಂಗ್ ಅನ್ನೋ ಪುಟ್ಟ ಊರಿಗೆ ತಲುಪಿಸುತ್ತೆ. ಬ್ಲೂ ನದಿ ಮತ್ತು ಮಡ್ಡಿ ಕ್ರೀಕ್ ಎರಡೂ ಕೊಲೊರಾಡೊ ನದಿಗೆ ಸೇರುವ ಜಾಗ ಅದು. ಸುತ್ತ ಬೂದುಹಸಿರಿನ ಸೇಜ್‌ಬ್ರಷ್ ಕುರುಚಲು, ಮೇಲೆ ಹಳದಿಗೆ ತಿರುಗಿದ ಆಸ್ಪೆನ್ ಮರಗಳು. ಈ ಊರಿನ ಆಸುಪಾಸಿನಲ್ಲಿ ಹಲವು ಯೂನಿಟ್‌ಗಳಿವೆ. ಯಾವ ನಂಬರ್ ಅಂತ ಮಾತ್ರ ಬರೀಬಾರದು ಅಂತ ನನ್ನಿಂದ ಮಾತು ತಗೊಂಡಿದ್ದಾರೆ! ಅಣಬೆ ಏಳುವ ಜಾಗವನ್ನು ನಮ್ಮೂರಲ್ಲಿ ಯಾರಾದ್ರೂ ಹೇಳ್ತಾರಾ?

ನಕ್ಷೆ ಓದೋದನ್ನು ಕಾರಿನಲ್ಲೇ ಕಲಿತೆ. ಹಳದಿ ಬಣ್ಣ ಬಿಎಲ್‌ಎಂ ನೆಲ. ದೇಶದಲ್ಲಿ ಈ ಇಲಾಖೆಯ ಕೈಯಲ್ಲಿರೋದು ಸುಮಾರು 24.5 ಕೋಟಿ ಎಕರೆ. ಹಸಿರು, ಅರಣ್ಯ ಸೇವೆಯದು, ಸುಮಾರು 19.3 ಕೋಟಿ ಎಕರೆ. ಇವೆರಡರ ಬಹುಪಾಲು ಜಾಗದಲ್ಲಿ ಲೈಸೆನ್ಸ್ ಇದ್ದ ಯಾರು ಬೇಕಾದರೂ ಬೇಟೆಯಾಡಬಹುದು. ನೀಲಿ, ರಾಜ್ಯದ ನೆಲ. ಸರ್ಕಾರದ್ದು ತಾನೇ ಅಂತ ನುಗ್ಗೋ ಹಾಗಿಲ್ಲ, ಬೇಟೆಗೆ ತೆರೆದ ಜಾಗಗಳ ಪಟ್ಟಿಯಲ್ಲಿ ಇದೆಯಾ ನೋಡಬೇಕು. ಬಿಳಿ ಅಂದ್ರೆ ಖಾಸಗಿ. ಬೇಲಿ, ಬೋರ್ಡು ಇಲ್ಲದಿದ್ದರೂ ಮಾಲೀಕರ ಒಪ್ಪಿಗೆ ಬೇಕೇ ಬೇಕು.

ಹೊಸಬರು ಎಡವೋದು ಇಲ್ಲೇ. ಹಳದಿ ಹೆಚ್ಚಿರುವ ಯೂನಿಟ್ ನೋಡಿ ಅರ್ಜಿ ಹಾಕ್ತಾರೆ. ಹೋಗಿ ನೋಡಿದ್ರೆ ಆ ಹಳದಿಯ ಸುತ್ತಲೂ ಬಿಳಿ, ಒಳಗೆ ಹೋಗೋಕೆ ದಾರಿಯೇ ಇಲ್ಲ. 2018ರ ಒಂದು ಲೆಕ್ಕದ ಪ್ರಕಾರ ಪಶ್ಚಿಮದ ರಾಜ್ಯಗಳಲ್ಲಿ ಹೀಗೆ ಸಿಕ್ಕಿಹಾಕಿಕೊಂಡ ಕೇಂದ್ರ ಸರ್ಕಾರಿ ನೆಲ 95 ಲಕ್ಷ ಎಕರೆ. 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್‌ನಲ್ಲಿ ಮಿಸೌರಿಯ ನಾಲ್ವರು, ಎರಡು ಸರ್ಕಾರಿ ಚೌಕಗಳ ಮೂಲೆ ಸೇರುವಲ್ಲಿ ಏಣಿ ಇಟ್ಟು, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ದಾಟಿದ್ರು. ಅದು ಕೋರ್ಟಿಗೆ ಹೋಯ್ತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಂದು ಹೆಜ್ಜೆಗೆ ಅಷ್ಟು ವರ್ಷದ ವ್ಯಾಜ್ಯ! ಹಾಗಾಗಿ ಗೆಳೆಯ ಮೊದಲು ನೋಡೋದು ಜಿಂಕೆ ಎಷ್ಟಿವೆ ಅಂತಲ್ಲ, ಗಾಡಿ ನಿಲ್ಲಿಸಿ ಇಳಿಯೋ ಜಾಗ ಎಲ್ಲಿದೆ ಅಂತ.

ಮೊದಲ ದಿನ ಎತ್ತರದ ಯೂನಿಟ್‌ಗೆ ಹೋದೆವು. ಅದ್ಭುತ ಜಾಗ. 2020ರ ಅಕ್ಟೋಬರ್‌ನಲ್ಲಿ ಈ ಭಾಗದಲ್ಲಿ ಹೊತ್ತಿದ ಈಸ್ಟ್ ಟ್ರಬಲ್ಸಮ್ ಬೆಂಕಿ 1.93 ಲಕ್ಷ ಎಕರೆ ಸುಟ್ಟಿತ್ತು. ಸತ್ತ ಮರಗಳು ಇನ್ನೂ ಕಪ್ಪಗೆ ನಿಂತಿವೆ, ಕೆಳಗೆ ಬಿಸಿಲು ಬಿದ್ದು ಹೊಸ ಚಿಗುರು. ಜಿಂಕೆಗೆ ಅದೇ ಹಬ್ಬದೂಟ. ದೂರದ ಇಳಿಜಾರಿನಲ್ಲಿ ನಾಲ್ಕು ಕಾಣಿಸಿದವು. ಹೇಸರಗತ್ತೆಯಂಥ ದೊಡ್ಡ ಕಿವಿ. ಆ ಕಿವಿಯಿಂದಲೇ ಈ ಹೆಸರು. ನಮ್ಮ ವಾಸನೆ ಬಡಿದದ್ದೇ ತಡ, ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಸ್ಪ್ರಿಂಗಿನ ಹಾಗೆ ಪುಟಿಯುತ್ತಾ ಹೋದವು.

ತಿರುಗಿ ನೋಡಿದರೆ ಗೆಳೆಯನ ಅಪ್ಪ ನಮ್ಮ ಜತೆ ಇರಲಿಲ್ಲ. ಅರ್ಧ ಕಿಲೋಮೀಟರ್ ಹಿಂದೆ ಬಿದ್ದ ಮರದ ಮೇಲೆ ಕೂತಿದ್ದರು. ಹತ್ತಿರ ಹೋದಾಗ, 'ನೀನು ಮೇಲಕ್ಕೆ ಹೋಗಿ ಬೇಟೆಯಾಡು. ನಾನು ಕ್ಯಾಂಪಿನಲ್ಲಿ ಅಡುಗೆ ನೋಡ್ಕೋತೀನಿ' ಅಂದರು. ಗೆಳೆಯ ಏನೂ ಹೇಳಲಿಲ್ಲ.

ಮರುದಿನ ಕೆಳಗಿನ ಸೇಜ್‌ಬ್ರಷ್ ದಿಬ್ಬಗಳಿಗೆ ಹೋದೆವು. ನನಗೆ ಬರೀ ಒಣ ಬಯಲು. ಒಂದು ಜಿಂಕೆಯೂ ಇಲ್ಲ. ಅಪ್ಪ ಮಾತ್ರ ಬಗ್ಗಿ ಹಳೇ ಹಿಕ್ಕೆ ತೋರಿಸಿದರು. 'ಇದು ಚಳಿಗಾಲದ್ದು. ಮೇಲೆ ಹಿಮ ಬಿದ್ದ ಕೂಡಲೇ ಎಲ್ಲಾ ಇಲ್ಲಿಗೇ ಇಳಿದು ಬರ್ತವೆ.' ಮ್ಯೂಲ್ ಡೀರ್ ಬೇಸಿಗೆಗೊಂದು ನೆಲ, ಚಳಿಗಾಲಕ್ಕೊಂದು ನೆಲ ಇಟ್ಟುಕೊಂಡ ಪ್ರಾಣಿ. ವಯೋಮಿಂಗ್‌ನ ಒಂದು ಹಿಂಡು ಹೀಗೆ ಸುಮಾರು 240 ಕಿಲೋಮೀಟರ್ ನಡೆಯೋದನ್ನು ರೇಡಿಯೋ ಕಾಲರ್ ಹಾಕಿ ಪತ್ತೆ ಮಾಡಿದ್ದಾರೆ. ಅಂದ್ರೆ ಯೂನಿಟ್ ಒಂದನ್ನೇ ಆರಿಸಿದರೆ ಸಾಲದು, ತಿಂಗಳನ್ನೂ ಆರಿಸಬೇಕು. ಅಕ್ಟೋಬರ್‌ನಲ್ಲಿ ಖಾಲಿ ಇರೋ ದಿಬ್ಬ ನವೆಂಬರ್‌ನಲ್ಲಿ ತುಂಬಿರಬಹುದು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು: ಹಿಂದಿನ ಚಳಿಗಾಲಗಳನ್ನು ಕೇಳು. 2022-23ರ ಚಳಿಗಾಲದಲ್ಲಿ ವಾಯವ್ಯ ಕೊಲೊರಾಡೊದಲ್ಲಿ ಹಿಮ ಗಟ್ಟಿಯಾಗಿ ಕೂತು ಜಿಂಕೆಗಳು ಮೇವಿಲ್ಲದೆ ಸತ್ತವು, ಮರಿಗಳಂತೂ ತುಂಬಾ. ಇಲಾಖೆ ಅಲ್ಲಿ ಲೈಸೆನ್ಸ್ ಕಡಿಮೆ ಮಾಡಿತು. 'ಹಳೇ ಹೆಸರು ನಂಬಿ ಅಂಥ ಕಡೆ ಹೋಗಬಾರದು. ಸೋತ ಹಿಂಡಿಗೆ ಒಂದಷ್ಟು ವರ್ಷ ಬಿಡುವು ಕೊಡಬೇಕು' ಅಂದರು. ಬೇಟೆಗಾರರ ಬಗ್ಗೆ ನಾನು ಇಟ್ಟುಕೊಂಡಿದ್ದ ಅಭಿಪ್ರಾಯ ಆ ಮಾತಿಗೆ ಸ್ವಲ್ಪ ಅಲುಗಾಡಿತು.

ಮಾರ್ಚ್ ಕೊನೇ ವಾರ ಅವರ ಮನೆಯ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್. ಅಪ್ಪ-ಮಗ ಒಟ್ಟಿಗೆ ಹೋಗಬೇಕಾದರೆ ಗುಂಪಿನ ಅರ್ಜಿ ಹಾಕಬೇಕು. ಅದರಲ್ಲಿ ಒಂದು ತೊಡಕಿದೆ: ಗುಂಪಿನಲ್ಲಿ ಯಾರ ಪಾಯಿಂಟ್ ಕಡಿಮೆಯೋ ಅದೇ ಎಲ್ಲರಿಗೂ ಲೆಕ್ಕ. ಮಂಡಿ ನೋವಿನ ವರ್ಷಗಳಲ್ಲಿ ಅಪ್ಪ ಅರ್ಜಿಯೇ ಹಾಕಿರಲಿಲ್ಲ. ಅವರದ್ದು ಎರಡೇ ಪಾಯಿಂಟ್. ಅಂದ್ರೆ ಮಗನ ಆರಕ್ಕೂ ಎರಡರ ಬೆಲೆ. ಸಿಕ್ಕಿದರೆ ಆ ಆರೂ ಸೊನ್ನೆ.

'ಎರಡನೇ ಆಯ್ಕೆಯಲ್ಲಿ ಹಾಕಬಹುದಲ್ಲಾ, ಪಾಯಿಂಟ್ ಉಳಿಯುತ್ತೆ' ಅಂದೆ, ಬುದ್ಧಿವಂತನ ಹಾಗೆ.

'ಎರಡನೇ ಆಯ್ಕೆವರೆಗೆ ಇದು ಉಳಿಯಲ್ಲ' ಅಂದ. ಕೆಳಗಿನ ದಿಬ್ಬಗಳ ಯೂನಿಟ್, ನವೆಂಬರ್ ಸೀಸನ್, ಮೊದಲ ಆಯ್ಕೆ. ಗುಂಡಿ ಒತ್ತಿಬಿಟ್ಟ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, 'ದಡ್ಡ' ಅಂದರು.

ಅಲ್ಲಿಂದ ವಾಪಸ್ ಬರುವಾಗ ನನ್ನ ಅಪ್ಪನ ನೆನಪಾಯ್ತು. ಕುಂದಾದ್ರಿ ಹತ್ತೋಣ ಅಂತ ಎರಡು ವರ್ಷದಿಂದ ಹೇಳ್ತಿದ್ದಾರೆ. 'ಮುಂದಿನ ಸಲ ಬಂದಾಗ' ಅಂತಲೇ ನನ್ನ ಉತ್ತರ. ನಾವೂ ಒಂದಲ್ಲ ಒಂದು ಪಾಯಿಂಟ್ ಕೂಡಿಡ್ತಾನೇ ಇರ್ತೀವಿ: ರಜೆ, ದುಡ್ಡು, ಪ್ರಮೋಷನ್. ಖರ್ಚು ಮಾಡೋ ವರ್ಷ ಯಾವುದು ಅಂತ ಮಾತ್ರ ಗೊತ್ತಾಗಲ್ಲ.

ಜೂನ್ ಆರಂಭದಲ್ಲಿ ಮೆಸೇಜ್ ಬಂತು: 'ಇಬ್ಬರಿಗೂ ಸಿಕ್ತು.' ಅವತ್ತಿನಿಂದ ಅಪ್ಪ ದಿನಾ ಬೆಳಿಗ್ಗೆ ಒಂದು ಮೈಲಿ ನಡೀತಿದ್ದಾರಂತೆ. ದೊಡ್ಡ ಗಂಡು ಜಿಂಕೆ ಸಿಕ್ಕರೆ ಸುಮಾರು 30 ಕೆ.ಜಿ. ಮಾಂಸ. ತಿನ್ನೋ ಭಾಗವನ್ನು ಕಾಡಲ್ಲೇ ಬಿಟ್ಟು ಬಂದರೆ ಇಲ್ಲಿ ಅಪರಾಧ. ಗಾಡಿವರೆಗೆ ಹೊರೋಕೆ ಒಬ್ಬ ಬೇಕು. ನಾನು ಸಸ್ಯಾಹಾರಿ ಅಂತ ಅವರಿಗೆ ಗೊತ್ತು. 'ತಿನ್ನೋಕೆ ಕರೀತಿಲ್ಲ, ಹೊರೋಕೆ' ಅಂದರು.

ಬೂಟು ತಗೊಂಡಿದೀನಿ. ಡಿಸೆಂಬರ್‌ಗೆ ಊರಿಗೆ ಟಿಕೆಟ್ಟನ್ನೂ ತಗೊಂಡಿದೀನಿ. ಅದೇ ಬೂಟಲ್ಲಿ ಕುಂದಾದ್ರಿ.